ಮಳೆಗೆ ಮುಂಚೆ ಹೃದಯವನ್ನು ಕಾಯುವದು

ಧ್ಯಾನಕ್ಕೆ: ಜ್ಞಾನೋಕ್ತಿ 4:23, ಆದಿಕಾಂಡ 4:1–8, ಫಿಲಿಪ್ಪಿಯವರಿಗೆ 4:8



ಯಲ್ಲಾಪುರದ ಸೀಮೆಯಲ್ಲಿ ಅಡಿಕೆತೋಟವನ್ನು ಬಲ್ಲವರೆಲ್ಲರೂ ಕೊಳೆರೋಗವನ್ನೂ ಬಲ್ಲರು. ಮುಂಗಾರು ಬಿಡದೆ ಸುರಿಯುವಾಗ ಎಳೆಗಾಯಿಯ ತೊಟ್ಟಿನ ಬಳಿಯಲ್ಲಿ ನೀರುಂಡ ಕಲೆಯೊಂದು ಮೂಡುವದು, ಮೆಲ್ಲಗೆ ಹರಡುವದು, ಕಾಯಿಯು ಬಣ್ಣಗೆಟ್ಟು ಬುಡಕ್ಕೆ ಉದುರುವದು. ಉದುರಿದ್ದನ್ನು ಎಲ್ಲರೂ ಕಾಣುವರು. ಆದರೆ ರೋಗವು ಆ ದಿನ ಹುಟ್ಟಿದ್ದಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯು ಮಳೆಹನಿಯೊಡನೆ ಕೊನೆಯಿಂದ ಕೊನೆಗೆ ದಾಟಿ ಮೊದಲೇ ನೆಲೆಗೊಂಡಿತ್ತು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿಗಳು ಈ ರೋಗವನ್ನು ಪರೀಕ್ಷಿಸಿ 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಆದದರಿಂದ ಎಚ್ಚರವುಳ್ಳ ತೋಟಗಾರನು ಮಳೆ ಹಿಡಿಯುವದಕ್ಕೆ ಮುಂಚೆಯೇ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದಂತೆ ಮದ್ದನ್ನು ಕೂಡಿಸಿ ಕೊನೆಗಳಿಗೆ ಸಿಂಪಡಿಸುವನು. ಸುಮಾರು 40 ದಿನಗಳಾದ ಮೇಲೆ ಮತ್ತೊಮ್ಮೆ ಸಿಂಪಡಿಸುವನು.

ಮನುಷ್ಯನ ನಡತೆಯೂ ಹೀಗೆಯೇ. ಕಾಯಿನನು ಹೊಲದಲ್ಲಿ ತಮ್ಮನ ಮೇಲೆ ಕೈಯೆತ್ತಿದ್ದು ಉದುರಿದ ಕಾಯಿ. ರೋಗವು ಹಿಡಿದದ್ದು ಹೇಬೆಲನ ಕಾಣಿಕೆಯು ಮೆಚ್ಚಿಕೆಯಾದಾಗಲೇ. ದೇವರು ಕೊಲೆಗೆ ಮುಂಚೆ ಅವನೊಡನೆ ಮಾತಾಡಿ, ಪಾಪವು ಬಾಗಿಲಲ್ಲೇ ಹೊಂಚುತ್ತಿದೆಯೆಂದು ಎಚ್ಚರಿಸಿದನು. ಅದೇ ಮದ್ದಿನ ಕಾಲವಾಗಿತ್ತು. ಅವನು ಅದನ್ನು ಕಳಕೊಂಡನು.

ನಾವು ಕೊಲೆಗಾರರಲ್ಲವೆಂದು ನೆಮ್ಮದಿಯಾಗಿರಬಹುದೋ? ಅಣ್ಣನಿಗೆ ಹೆಚ್ಚು ಪಾಲು ಹೋಯಿತೆಂದು ತಮ್ಮನು ರಾತ್ರಿರಾತ್ರಿ ಲೆಕ್ಕಹಾಕುವನು. ನೆರೆಯವಳ ಒಂದು ಮಾತನ್ನು ಒಬ್ಬಾಕೆ ಒಲೆಯ ಮುಂದೆ ಕೂತು ದಿನವೂ ಊದಿ ಕೆಂಡಮಾಡುವಳು. ಆದಿತ್ಯವಾರ ಇವರೆಲ್ಲರೂ ದೇವಾಲಯದಲ್ಲಿ ಒಂದೇ ಕೀರ್ತನೆಯನ್ನು ಹಾಡುವರು. ಪದೇಪದೇ ನೆನೆದದ್ದು ಅಭ್ಯಾಸವಾಗುವದು, ಅಭ್ಯಾಸವೇ ಸ್ವಭಾವವಾಗುವದು. ಕಡೆಗೆ ಒಂದು ದಿನ ಕೆಟ್ಟ ಮಾತು ಬಾಯಿಂದ ಹೊರಟಾಗ, “ನಾನು ಇಂಥವನಲ್ಲವಲ್ಲಾ!” ಎಂದು ಬೆರಗಾಗುವೆವು. ಆಡಿದ್ದು ಆ ದಿನ, ಬೆಳೆಸಿದ್ದು ವರುಷವೆಲ್ಲಾ.

ಹಾಗಾದರೆ ಮಾಡತಕ್ಕದ್ದೇನು? ಕೆಟ್ಟದ್ದನ್ನು ನೆನಸಬಾರದೆಂದು ಹಟಹಿಡಿದರೆ ಸಾಲದು. ಬರಿದಾದ ಮನೆಗೆ ಹಳೇ ಒಕ್ಕಲು ಮರಳಿ ಬರುವದು. ಸೆರೆಯಲ್ಲಿದ್ದ ಪೌಲನು ಸತ್ಯವಾದದ್ದನ್ನೂ ಶುದ್ಧವಾದದ್ದನ್ನೂ ಪ್ರೀತಿಗೆ ತಕ್ಕದ್ದನ್ನೂ ಮನಸ್ಸಿನಲ್ಲಿ ತುಂಬಿಕೊಳ್ಳಿರೆಂದು ಫಿಲಿಪ್ಪಿಯವರಿಗೆ ಬರೆದನು. ಈ ರಾತ್ರಿ ದೀಪವನ್ನು ಆರಿಸುವ ಮುಂಚೆ, ನಿಮ್ಮ ಮನಸ್ಸನ್ನು ಕುಟುಕುವ ಆ ಒಬ್ಬರ ಹೆಸರನ್ನು ದೇವರ ಮುಂದೆ ಹೇಳಿ ಅವರ ಕ್ಷೇಮಕ್ಕಾಗಿ ಬೇಡಿರಿ. ಬೆಳಿಗ್ಗೆ ಪುನಃ ಬೇಡಿರಿ. ಒಂದೇ ಸಾರಿ ಹಾಕಿದ ಮದ್ದು ಮಳೆಗಾಲಕ್ಕೆಲ್ಲಾ ಸಾಲದು.

“ನನ್ನಲ್ಲಿ ಕೊಳೆತು ಉದುರಿದ್ದಾಯಿತು, ಇನ್ನೇನು?” ಎಂದು ಕೊರಗುವವರೂ ಇದನ್ನು ಓದುತ್ತಿರಬಹುದು. ಇಲ್ಲಿ ತೋಟದ ಸಾಮ್ಯವು ನಿಂತುಹೋಗುವದು. ಮೈಲುತುತ್ತವು ಕೊಳೆತ ಕಾಯನ್ನು ಹಸುರುಮಾಡಲಾರದು. ನಮ್ಮ ಕರ್ತನಾದ ಯೇಸು ಕ್ರಿಸ್ತನಾದರೋ, ಪಶ್ಚಾತ್ತಾಪಪಟ್ಟು ಬರುವವನಿಗೆ ಹೊಸ ಹೃದಯವನ್ನೇ ಕೊಡುವನು. ಅದನ್ನು ಹೊಂದಿ ಎದ್ದು ಹೋಗಿರಿ. ಮಾತು ಬಿಟ್ಟ ಸಹೋದರನ ಬಾಗಿಲನ್ನು ನೀವೇ ಮೊದಲು ತಟ್ಟಿರಿ. ಆಮೆನ್.