ಟೂಲ್‌ಬಾಕ್ಸಿನ ಒಳಗಿನ ಮರೂನ್

ಪಕ್ಕದ ಮನೆಯ ಗೇಟಿನ ಚಿಲಕ ತಗುಲಿ ಅಪ್ಪನ ಜಾವಾದ ಹಿಂದಿನ ಮಡ್‌ಗಾರ್ಡಿನಲ್ಲಿ ಹೆಬ್ಬೆರಳಿನಷ್ಟು ಬಣ್ಣ ಎದ್ದುಹೋಯಿತು. ತಗಡು ಇಣುಕುತ್ತಿತ್ತು. ಮಳೆಗಾಲ ಬೇರೆ ಹತ್ತಿರ, ಬಿಟ್ಟರೆ ತುಕ್ಕು ಹಿಡಿಯುವುದು ಖಂಡಿತ. ಒಂದು ಪುಟ್ಟ ಡಬ್ಬಿ ಮರೂನ್ ತಂದು ಸವರಿದರಾಯಿತು ಎಂದುಕೊಂಡೆ. ಸವರಿಯೂಬಿಟ್ಟೆ. ಒಣಗಿದ ಮೇಲೆ ನೋಡಿದರೆ ಗಾಯಕ್ಕಿಂತ ಪಟ್ಟಿಯೇ ಎದ್ದು ಕಾಣುತ್ತಿತ್ತು.

ಕೊನೆಗೆ ಮಂಡಿ ಮೊಹಲ್ಲಾದ ಹತ್ತಿರ ಇರುವ ಹಳೆಯ ಪೇಂಟರ್ ಒಬ್ಬರ ಬಳಿ ಹೋದೆ. ಮೈಸೂರಿನಲ್ಲಿ ಈ ಗಾಡಿಗೆ ಎಲ್ಲಿ ಹೋದರೂ ಮರ್ಯಾದೆಯುಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕುವವರೆಗೆ ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಮೇಸ್ತ್ರಿ ನಾನು ತೋರಿಸಿದ ಜಾಗವನ್ನು ನೋಡಲೇ ಇಲ್ಲ. ಪಕ್ಕದ ಟೂಲ್‌ಬಾಕ್ಸಿನ ಮುಚ್ಚಳ ತೆಗೆದು ಒಳಮೈಯನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರು. ಬೇಯಿಸಿದ ಬೀಟ್‌ರೂಟಿನಂಥ ದಟ್ಟ ಬಣ್ಣ. ಆಮೇಲೆ ಅದನ್ನೇ ಮಡ್‌ಗಾರ್ಡಿನ ಪಕ್ಕಕ್ಕೆ ತಂದರು. ಇಷ್ಟು ವರ್ಷ ನಾನು ಮರೂನ್ ಎಂದು ಕರೆಯುತ್ತಿದ್ದದ್ದು ಅದರೆದುರು ಇಟ್ಟಿಗೆಪುಡಿಯ ಕಡೆಗೆ ವಾಲಿದ ಏನೋ ಒಂದು.

‘ಯಾವ ಬಣ್ಣ ಬೇಕು ಸಾರ್? ಇದಾ, ಇದಾ?’

ನಾನು ‘ಫ್ಯಾಕ್ಟರಿ ಕಲರ್’ ಎಂದೆ. ಅವರು ನಕ್ಕರು. ಒಳಗಿರುವುದು ಫ್ಯಾಕ್ಟರಿ ಕಲರ್, ಹೊರಗಿರುವುದು ನಿಮ್ಮಪ್ಪ ಓಡಿಸಿದ ಕಲರ್, ಅದನ್ನು ಹಚ್ಚಿದರೆ ಇದಕ್ಕೆ ಸೇರುವುದಿಲ್ಲ ಎಂಬುದು ಅವರ ಮಾತಿನ ಸಾರಾಂಶ.

ಈಗಿನ ಬೈಕುಗಳಲ್ಲಿ ಬಣ್ಣಕ್ಕೊಂದು ಕೋಡ್ ಇರುತ್ತದೆ. ಹಲವು ಗಾಡಿಗಳಲ್ಲಿ ಸೀಟಿನ ಕೆಳಗೆ ಚೀಟಿಯೇ ಅಂಟಿಸಿರುತ್ತಾರೆ. ಬಣ್ಣ ಬೆರೆಸುವ ಅಂಗಡಿಗೆ ಆ ಕೋಡ್ ಕೊಟ್ಟರೆ ಕಂಪ್ಯೂಟರಿನಲ್ಲಿ ಪಾಕವಿಧಾನ ಸಿಗುತ್ತದೆ: ಈ ಕೆಂಪು ಇಷ್ಟು ಗ್ರಾಂ, ಆ ಕಪ್ಪು ಇಷ್ಟು ಗ್ರಾಂ. ಅಕ್ಕಸಾಲಿಗರ ತಕ್ಕಡಿಯಂಥ ತಕ್ಕಡಿಯಲ್ಲಿ ಹನಿಹನಿಯಾಗಿ ತೂಗಿ ಕೊಡುತ್ತಾರೆ. ಒಂದೇ ಕೋಡಿಗೆ ಎರಡು ಮೂರು ಪಾಠಾಂತರಗಳಿರುವುದೂ ಉಂಟು, ಏಕೆಂದರೆ ಒಂದು ತಂಡದಲ್ಲಿ ಬಂದ ಬಣ್ಣ ಇನ್ನೊಂದು ತಂಡದಲ್ಲಿ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಅದೇನೇ ಇರಲಿ, ಕೋಡ್ ಹೇಳುವುದು ಗಾಡಿ ಕಾರ್ಖಾನೆಯ ಬಾಗಿಲು ದಾಟಿದ ದಿನದ ಬಣ್ಣವನ್ನು. ಶಾಲೆಯ ಸರ್ಟಿಫಿಕೇಟಿನಲ್ಲಿರುವ ಫೋಟೋ ಹಿಡಿದುಕೊಂಡು ಅರವತ್ತು ದಾಟಿದವನನ್ನು ರೈಲ್ವೆ ಸ್ಟೇಷನ್ನಿನಲ್ಲಿ ಹುಡುಕಿದ ಹಾಗೆ. ನಮ್ಮ ಗಾಡಿಗಂತೂ ಆ ಫೋಟೋ ಕೂಡ ಇಲ್ಲ. ಕಣ್ಣಳತೆಯೇ ಗತಿ.

ಬಿಸಿಲಿನ ನೇರಳಾತೀತ ಕಿರಣ ಬಣ್ಣದ ಕಣವನ್ನೂ ಅದನ್ನು ಹಿಡಿದಿಟ್ಟ ಅಂಟನ್ನೂ ಸ್ವಲ್ಪ ಸ್ವಲ್ಪವೇ ಕೊರೆಯುತ್ತದೆ. ಹಳೆಯ ಕೆಂಪುಗಳು ಈ ವಿಷಯದಲ್ಲಿ ಬಲು ನಾಜೂಕು. ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಟ್ಯಾಂಕಿನ ನೆತ್ತಿ ಮಾಸಿದಷ್ಟು ಅದರ ಹೊಟ್ಟೆ ಮಾಸಿಲ್ಲ. ನಮ್ಮ ಗಾಡಿ ವರ್ಷಗಟ್ಟಲೆ ಒಂದೇ ಗೋಡೆಗೆ ಆತುಕೊಂಡು ನಿಂತದ್ದರಿಂದ ಎಡಮಗ್ಗುಲೇ ಬೇರೆ, ಬಲಮಗ್ಗುಲೇ ಬೇರೆ. ಅಂದರೆ ಗಾಡಿಯಲ್ಲಿ ಇರುವುದು ಒಂದು ಮರೂನ್ ಅಲ್ಲ, ನಾಲ್ಕೈದು. ಇದನ್ನು ಮೇಸ್ತ್ರಿ ತೋರಿಸುವವರೆಗೆ ನಾನು ಗಮನಿಸಿರಲೇ ಇಲ್ಲ. ದಿನಾ ನೋಡುವುದನ್ನು ನಾವು ನೋಡುವುದು ಅಷ್ಟರಲ್ಲೇ ಇದೆ.

ಅವರು ಒಂದು ಮುಚ್ಚಳದಷ್ಟು ಬಣ್ಣ ಕಲಸಿ, ರಟ್ಟಿನ ಚೂರಿಗೆ ಬಳಿದು, ಒಣಗಿಸಿ, ಗಾಡಿಯ ಪಕ್ಕ ಹಿಡಿದು ನೋಡಿದರು. ಒದ್ದೆ ಬಣ್ಣವನ್ನು ನಂಬುವ ಹಾಗಿಲ್ಲ, ಅದರ ನಿಜರೂಪ ಒಣಗಿದ ಮೇಲೆಯೇ. ಒಂದು ಹನಿ ಕಪ್ಪು, ಮತ್ತೊಂದು ರಟ್ಟು. ಕಡ್ಡಿಯ ತುದಿಯಷ್ಟು ಹಳದಿ, ಮಗದೊಂದು ರಟ್ಟು. ಅಂಗಡಿಯೊಳಗೆ ಟ್ಯೂಬ್‌ಲೈಟಿನಡಿ ನನಗೆ ಮೂರನೆಯದೇ ಸರಿ ಎನಿಸಿತು. ಅವರು ಗಾಡಿಯನ್ನು ರಸ್ತೆಗೆ ತಳ್ಳಿದರು. ಬಿಸಿಲಲ್ಲಿ ಅದೇ ರಟ್ಟು ನೇರಳೆ ಹೊಡೆಯುತ್ತಿತ್ತು.

ಆಗ ನೆನಪಾದದ್ದು ಅಮ್ಮ. ಮ್ಯಾಚಿಂಗ್ ಸೆಂಟರಿನಲ್ಲಿ ರವಿಕೆ ಬಟ್ಟೆ ಆರಿಸುವಾಗ ಸೀರೆಯ ಸೆರಗನ್ನೂ ಬಟ್ಟೆಯ ತುಂಡನ್ನೂ ಹಿಡಿದುಕೊಂಡು ಅವಳು ಅಂಗಡಿಯ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದಳು. ‘ಒಳಗೆ ಎಲ್ಲಾ ಚೆನ್ನಾಗೇ ಕಾಣ್ಸತ್ತೆ, ಬೆಳಕಲ್ಲಿ ನೋಡ್ಬೇಕು.’ ನಮಗೆ ನಾಚಿಕೆ, ಅಂಗಡಿಯವನಿಗೆ ಅವಸರ. ಬೇರೆ ಬೇರೆ ಬಣ್ಣಕಣಗಳಿಂದ ಮಾಡಿದ ಎರಡು ಬಣ್ಣಗಳು ಒಂದು ಬೆಳಕಲ್ಲಿ ಅವಳಿಜವಳಿಯಂತೆ ಕಂಡು ಇನ್ನೊಂದು ಬೆಳಕಲ್ಲಿ ಬೇರೆಯಾಗಿಬಿಡುವುದಕ್ಕೆ ಮೆಟಾಮೆರಿಸಂ ಎನ್ನುತ್ತಾರೆಂದು ಮುಂದೆ ಓದಿದೆ. ಅಮ್ಮ ಹೆಸರು ಗೊತ್ತಿಲ್ಲದೆಯೇ ಅದರೊಂದಿಗೆ ವ್ಯವಹಾರ ಮಾಡಿಕೊಂಡಿದ್ದಳು.

ಐದನೆಯ ರಟ್ಟು ಬಿಸಿಲಲ್ಲೂ ನಿಂತಿತು. ಆದರೂ ನೇರ ಹಚ್ಚಲಿಲ್ಲ. ನಾನು ಸವರಿದ್ದನ್ನು ಕೆರೆದು, ವಾಟರ್ ಪೇಪರಿನಿಂದ ಉಜ್ಜಿ, ಅಂಚನ್ನು ಬೆರಳಿಗೆ ತಾಗದಷ್ಟು ಇಳಿಜಾರು ಮಾಡಿದರು. ಪ್ರೈಮರಿನಲ್ಲೂ ಒಂದು ಗುಟ್ಟು ಇದೆಯಂತೆ. ಕೆಂಪಿಗೆ ಮುಚ್ಚುವ ಶಕ್ತಿ ಕಡಿಮೆ, ಅಡಿಯಲ್ಲಿ ಬೂದು ಇದ್ದರೆ ಒಂದು ತೆರನಾಗಿ, ರೆಡ್ ಆಕ್ಸೈಡ್ ಇದ್ದರೆ ಇನ್ನೊಂದು ತೆರನಾಗಿ ಮೇಲೆ ಕಾಣುತ್ತದೆ. ಡಬ್ಬಿ ಮರೂನನ್ನು ಬರೀ ತಗಡಿನ ಮೇಲೆ ಹಚ್ಚಿದ ನನ್ನ ಸಾಹಸ ಕೇಳಿ ಅವರು ಏನೂ ಅನ್ನಲಿಲ್ಲ, ಅದೇ ದೊಡ್ಡದು.

ಗನ್ ಹಿಡಿದಾಗ ಅವರು ಬಣ್ಣವನ್ನು ಗಾಯದಷ್ಟಕ್ಕೇ ನಿಲ್ಲಿಸಲಿಲ್ಲ. ಸುತ್ತ ಒಂದು ಗೇಣು ತೆಳುವಾಗಿ ಹರಡಿ, ಮಡ್‌ಗಾರ್ಡಿನ ಅಂಚಿನ ಚಿನ್ನದ ಗೆರೆಯ ತನಕ ತಂದು ಬಿಟ್ಟರು. ಎರಡು ಬಣ್ಣ ಒಂದಕ್ಕೊಂದು ಗಡಿ ಕಟ್ಟಿಕೊಂಡು ನಿಂತರೆ ಕಣ್ಣು ತಕ್ಷಣ ಹಿಡಿಯುತ್ತದೆ. ಒಂದು ಇನ್ನೊಂದರೊಳಗೆ ಮೆಲ್ಲಗೆ ಕರಗಿದರೆ ಕಣ್ಣಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನೂರಕ್ಕೆ ನೂರು ಮ್ಯಾಚ್ ಆಗದ ಬಣ್ಣವೂ ಹೀಗೆ ಪಾಸಾಗಿಬಿಡುತ್ತದೆ.

ಜಾವಾದ ಮರೂನ್ ಸಾಲಿಡ್ ಬಣ್ಣವಾದ್ದರಿಂದ ಇಷ್ಟಾದರೂ ಆಯಿತು. ಮೆಟಾಲಿಕ್ ಆಗಿದ್ದರೆ ಒಳಗಿನ ಅಲ್ಯೂಮಿನಿಯಂ ಚಕ್ಕೆಗಳು ಮಲಗುವ ರೀತಿಯಿಂದಲೇ ಬಣ್ಣ ಬದಲಾಗುತ್ತದೆ. ಗನ್ ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಕಪ್ಪಗೆ, ದೂರದಿಂದ ಒಣಗಲಾಗಿ ಹೊಡೆದರೆ ಬೆಳ್ಳಗೆ. ಡಬ್ಬಿ ಒಂದೇ, ಕೈ ಬೇರೆ. ಅಂಥ ಗಾಡಿಗೆ ಗೀರು ಬಿದ್ದರೆ ನಾನಾದರೆ ಮೇಲೊಂದು ಸ್ಟಿಕರ್ ಅಂಟಿಸಿ ಸುಮ್ಮನಿರುತ್ತೇನೆ.

ಟೂಲ್‌ಬಾಕ್ಸಿನ ಮುಚ್ಚಳದ ಒಳಮೈಯನ್ನು ಮುಟ್ಟುವುದು ಬೇಡವೆಂದೆ. ಮೇಸ್ತ್ರಿ ತಲೆಯಾಡಿಸಿ, ಅದನ್ನು ಮತ್ತೊಮ್ಮೆ ಒರೆಸಿ, ಹಾಕಿಕೊಟ್ಟರು. 2018ರಲ್ಲಿ ಹೊಸ ಜಾವಾ ಬಂದಾಗ ಅದರಲ್ಲೂ ಮರೂನ್ ಇತ್ತು. ಸಿಗ್ನಲ್ಲಿನಲ್ಲಿ ಅಂಥದ್ದೊಂದು ಪಕ್ಕಕ್ಕೆ ಬಂದು ನಿಂತಾಗಲೆಲ್ಲ ನನಗೆ ಆ ಮುಚ್ಚಳ ತೆಗೆದು ಹೋಲಿಸಿ ನೋಡುವ ಆಸೆ. ಹಸಿರು ದೀಪ ಬಿಡುವುದಿಲ್ಲ.

ಗಾಡಿ ಮನೆಗೆ ತಂದಾಗ ಸಂಜೆಯಾಗಿತ್ತು. ಅಪ್ಪ ಸುತ್ತ ಒಂದು ಸುತ್ತು ಹಾಕಿ, ಎಲ್ಲಿ ಹಚ್ಚಿಸಿದ್ದೆಂದು ಗೊತ್ತಾಗದೆ ಟಯರಿನ ಗಾಳಿ ಒತ್ತಿ ನೋಡಿ ಒಳಗೆ ಹೋದರು. ಅಮ್ಮ ತುಳಸಿಗೆ ದೀಪ ಇಟ್ಟು ಬರುತ್ತಿದ್ದವಳು ಬೀದಿದೀಪದ ಬೆಳಕಲ್ಲಿ ಒಂದು ಗಳಿಗೆ ನಿಂತು, ಸರಿಯಾಗಿ ಆ ಜಾಗದ ಮೇಲೇ ಬೆರಳಿಟ್ಟು ಕೇಳಿದಳು: ‘ಇಲ್ಲೇ ಅಲ್ವೇನೋ?’