ಯಾವ ನಾಡು ನಮ್ಮದಾದೀತು?

ಅನ್ನವನ್ನರಸಿ ಊರು ಬಿಡುವುದು ಮನುಷ್ಯಕುಲಕ್ಕೆ ಹೊಸತೇನೂ ಅಲ್ಲ. ಬರಗಾಲಕ್ಕೆ ಬೆದರಿ ಗುಳೆ ಹೋದವರು, ವ್ಯಾಪಾರಕ್ಕಾಗಿ ಕಡಲು ದಾಟಿದವರು ಎಲ್ಲ ಕಾಲದಲ್ಲಿಯೂ ಇದ್ದರು. ಆದರೆ ಇಂದು ವಿದ್ಯಾವಂತ ತರುಣನ ಮುಂದೆ ಬಂದು ನಿಂತಿರುವ ಪ್ರಶ್ನೆ ಬೇರೆಯೇ ಆಗಿದೆ. ಗುಳೆ ಹೋದವನಿಗೆ ಆಯ್ಕೆಯಿರಲಿಲ್ಲ, ಇವನಿಗೆ ಇದೆ. ಕೆನಡವೋ, ಜರ್ಮನಿಯೋ, ಅಮೆರಿಕವೋ, ಕೊಲ್ಲಿ ರಾಷ್ಟ್ರಗಳೋ ಎಂದು ಇವನು ಭೂಪಟವನ್ನು ಮುಂದಿಟ್ಟುಕೊಂಡು ತೂಗಿ ನೋಡಬಲ್ಲನು. ಎಲ್ಲಿ ಆಯ್ಕೆಯಿದೆಯೋ ಅಲ್ಲಿ ಧರ್ಮಾಧರ್ಮಗಳ ವಿಚಾರವೂ ಇದ್ದೇ ಇರುತ್ತದೆ.

ಹೋಗಬೇಕೆ, ಬೇಡವೆ ಎಂಬ ಚರ್ಚೆ ಹಳೆಯದು. 1970ರ ದಶಕದಲ್ಲಿಯೇ ಅರ್ಥಶಾಸ್ತ್ರಜ್ಞ ಜಗದೀಶ ಭಗವತಿಯವರು, ಬಡರಾಷ್ಟ್ರಗಳಿಂದ ವಲಸೆ ಹೋದ ವಿದ್ಯಾವಂತರ ವರಮಾನದ ಮೇಲೆ ವಿಶೇಷ ತೆರಿಗೆ ವಿಧಿಸಿ, ಆ ಹಣವನ್ನು ಅವರ ತಾಯ್ನಾಡುಗಳಿಗಾಗಿ ಬಳಸಬೇಕೆಂದು ಸೂಚಿಸಿದ್ದರು. ಸೂಚನೆ ಸೂಚನೆಯಾಗಿಯೇ ಉಳಿಯಿತು. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆ ಯಾವ ದೇಶವನ್ನಾದರೂ ಬಿಟ್ಟು ಹೋಗುವ ಹಕ್ಕನ್ನು, ತನ್ನ ದೇಶಕ್ಕೆ ಮರಳುವ ಹಕ್ಕನ್ನು ಎಲ್ಲರಿಗೂ ಹೇಳಿದೆ. ಪರದೇಶದೊಳಕ್ಕೆ ಪ್ರವೇಶಿಸಿ ನೆಲೆಸುವ ಹಕ್ಕನ್ನು ಹೇಳಿಲ್ಲ. ಹೋಗುವವನನ್ನು ದೇಶದ್ರೋಹಿಯೆಂದು ಹಳಿಯುವುದು ನನಗೆ ಸಮ್ಮತವಲ್ಲ. ಹೋಗುವುದಾದರೆ ಯಾವ ನಾಡಿಗೆ, ಯಾವ ಅಳತೆಗೋಲಿನಿಂದ ಎಂಬುದಷ್ಟೇ ಇಲ್ಲಿನ ವಿಚಾರ.

ಆ ನಾಡುಗಳ ಬಳಿ ಅಳತೆಗೋಲು ಸಿದ್ಧವಾಗಿದೆ. ಕೆನಡ ಸರಕಾರ 1967ರಲ್ಲಿ ಅಂಕಪದ್ಧತಿಯನ್ನು ಜಾರಿಗೆ ತಂದಿತು. ಅದು ತನ್ನ ಕಾಲಕ್ಕೆ ದೊಡ್ಡ ಸುಧಾರಣೆಯೆಂಬುದನ್ನು ಮರೆಯಲಾಗದು. 1914ರಲ್ಲಿ ಕೋಮಗಾತ ಮಾರು ಹಡಗಿನಲ್ಲಿ ಬಂದ 376 ಮಂದಿ ಪ್ರಯಾಣಿಕರಲ್ಲಿ ಬಹುತೇಕರನ್ನು ವ್ಯಾಂಕೂವರ್ ಬಂದರಿನಲ್ಲಿಯೇ ತಡೆದು ಹಿಂದಕ್ಕಟ್ಟಿದ ದೇಶ, ಮೈಬಣ್ಣವನ್ನು ಬದಿಗಿರಿಸಿ ವಿದ್ಯೆ, ಭಾಷೆ, ಅನುಭವಗಳನ್ನು ಎಣಿಸತೊಡಗಿತು. 2015ರಿಂದ ಅಲ್ಲಿ ನಡೆದುಬಂದಿರುವ ‘ಎಕ್ಸ್‌ಪ್ರೆಸ್ ಎಂಟ್ರಿ’ ಪದ್ಧತಿಯಲ್ಲಿ ಮನುಷ್ಯನ ಒಟ್ಟು ಬೆಲೆ 1200 ಅಂಕಗಳು. ಅವಿವಾಹಿತ ಅರ್ಜಿದಾರನ 20ರಿಂದ 29ರವರೆಗಿನ ವಯಸ್ಸಿಗೆ 110 ಅಂಕಗಳಿವೆ. ನಲವತ್ತೈದು ತುಂಬಿದವನ ವಯಸ್ಸಿಗೆ ಸೊನ್ನೆ! ಊರಿನಲ್ಲಿ ಮುದಿ ತಾಯಿಯಿದ್ದಾಳೆಯೆ, ತಮ್ಮನ ಓದು ಮುಗಿದಿಲ್ಲವೆ ಎಂದು ಆ ತಕ್ಕಡಿ ಕೇಳುವುದಿಲ್ಲ. ಕೇಳಲಿ ಎಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಅದು ಅವರ ಮನೆ, ಅವರ ಅಗತ್ಯ. ಅಪಾಯವಿರುವುದು ಬೇರೆ ಕಡೆ. ಅವರು ತೂಗಿದ ತಕ್ಕಡಿಯಲ್ಲಿಯೇ ನಮ್ಮ ತರುಣನೂ ತನ್ನನ್ನು ತೂಗಿಕೊಳ್ಳತೊಡಗುತ್ತಾನೆ. ಎಲ್ಲಿ ಬೇಗ ಬಾಗಿಲು ತೆರೆದೀತು, ಎಲ್ಲಿ ಸಂಬಳ ಹೆಚ್ಚು, ಎಲ್ಲಿ ತೆರಿಗೆ ಕಡಿಮೆ ಎಂಬಲ್ಲಿಗೆ ಅವನ ವಿಚಾರ ಮುಗಿದುಹೋಗುತ್ತದೆ.

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಆ ನಾಡಿನಲ್ಲಿ ನಾನು ‘ಒಲ್ಲೆ’ ಎನ್ನಬಲ್ಲೆನೆ?

ನಮ್ಮ ಪರಂಪರೆಯಲ್ಲಿ ಕಾಯಕವೆಂದರೆ ಬರಿಯ ಉದ್ಯೋಗವಲ್ಲ. ಅದರಲ್ಲಿ ಸತ್ಯಶುದ್ಧತೆಯ ನಿಬಂಧನೆಯಿದೆ. ಸೇತುವೆಯ ಲೆಕ್ಕದಲ್ಲಿ ದೋಷವಿದೆಯೆಂದು ಬಲ್ಲ ಎಂಜಿನಿಯರನು ಸಹಿ ಹಾಕಲಾರೆನೆನ್ನಬೇಕು. ಔಷಧ ಪರೀಕ್ಷೆಯ ಅಂಕಿಗಳನ್ನು ತಿದ್ದೆಂದರೆ ವಿಜ್ಞಾನಿಯು ತಿದ್ದಲಾರೆನೆನ್ನಬೇಕು. ಹಾಗೆಂದರೆ ಕೆಲಸ ಹೋದೀತು. ಅದು ಎಲ್ಲ ಕಡೆಯೂ ಇರುವ ಕಷ್ಟ. ಕೆಲಸದೊಡನೆ ವಾಸದ ಹಕ್ಕು, ಮಕ್ಕಳ ಶಾಲೆ, ಕಟ್ಟಿಕೊಂಡ ಬದುಕು ಎಲ್ಲವೂ ಒಟ್ಟಿಗೆ ಹೋಗುವುದಾದರೆ ಎಷ್ಟು ಮಂದಿಯ ನಾಲಗೆ ಏಳುತ್ತದೆ?

ಅಮೆರಿಕದ ಎಚ್-1ಬಿ ವೀಸಾವನ್ನು ನೋಡಿ. 1990ರ ಕಾಯಿದೆಯಿಂದ ಹುಟ್ಟಿದ ಈ ವ್ಯವಸ್ಥೆಯಲ್ಲಿ ವರ್ಷಕ್ಕೆ 65,000 ವೀಸಾಗಳು, ಅಲ್ಲಿಯೇ ಉನ್ನತ ಪದವಿ ಪಡೆದವರಿಗೆಂದು ಮತ್ತೆ 20,000. ಕೆಲಸ ತಪ್ಪಿದರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೊಬ್ಬ ಉದ್ಯೋಗದಾತ ಸಿಕ್ಕಬೇಕು. ಇಲ್ಲವೆ ಬೇರೆ ಬಗೆಯ ವೀಸಾ ದೊರಕಬೇಕು, ಅಥವಾ ಗಂಟುಮೂಟೆ ಕಟ್ಟಬೇಕು. ಖಾಯಂ ನಿವಾಸದ ಹಕ್ಕು ದೊರೆತರೆ ಈ ಭಯ ನೀಗುತ್ತದೆ. ಆದರೆ ಉದ್ಯೋಗಾಧಾರಿತ ಖಾಯಂ ವೀಸಾಗಳಲ್ಲಿ ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಸುಮಾರು ಶೇಕಡ 7ರ ಮಿತಿಯಿರುವುದರಿಂದ, ಭಾರತದಲ್ಲಿ ಹುಟ್ಟಿದವರ ಸರದಿ ದಶಕಗಳವರೆಗೆ ಬೆಳೆದಿದೆ. ಇಲ್ಲಿ ಎಣಿಕೆ ಹುಟ್ಟಿದ ನೆಲದ್ದು, ಪೌರತ್ವದ್ದಲ್ಲ. ನಡುವೆ ಕೆನಡದ ಪೌರನಾಗಿ ಬಂದರೂ ಅವನು ಭಾರತದ ಸಾಲಿನಲ್ಲಿಯೇ ನಿಲ್ಲಬೇಕು. ತಂದೆಯ ಸರದಿ ಬರುವಷ್ಟರಲ್ಲಿ ಮಗುವಿಗೆ 21 ತುಂಬಿದರೆ ಅದು ತಂದೆಯ ಅರ್ಜಿಯಿಂದ ಹೊರಬೀಳಬಹುದು. 2025ರ ಸೆಪ್ಟೆಂಬರಿನಲ್ಲಿ ಒಂದು ಘೋಷಣೆಯಿಂದ ಹೊರದೇಶದಿಂದ ಕರೆಸಿಕೊಳ್ಳುವವರ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರುಗಳ ಶುಲ್ಕ ಬಂದಿತು. ಐಶ್ವರ್ಯದಲ್ಲಿ, ವಿದ್ಯಾಪೀಠಗಳಲ್ಲಿ ಅಮೆರಿಕಕ್ಕೆ ಸಮನಾದ ದೇಶವಿಲ್ಲವೆಂಬುದು ನಿಜ. ಆದರೂ ಇಪ್ಪತ್ತು ವರ್ಷ ಮಾತು ನುಂಗಿ ಬದುಕಿದವನ ಸ್ವಭಾವ ಏನಾಗಿರುತ್ತದೆ ಎಂಬುದನ್ನು ಯಾವ ಸಂಬಳದ ಪಟ್ಟಿಯೂ ತೋರಿಸುವುದಿಲ್ಲ.

ಕೊಲ್ಲಿ ರಾಷ್ಟ್ರಗಳ ಮಾತು ಬೇರೆ. ಕಫಾಲ ಪದ್ಧತಿಯಲ್ಲಿ ಮಾಲೀಕನ ಹಿಡಿತ ಇನ್ನೂ ಬಿಗಿ. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಅವಕಾಶವನ್ನು ಕತಾರ್ ದೇಶ ಕಾನೂನಿನಲ್ಲಿ ಕೊಟ್ಟದ್ದು 2020ರಲ್ಲಿ. ಅಲ್ಲಿ ಎಷ್ಟು ವರ್ಷ ದುಡಿದರೂ, ಮಕ್ಕಳು ಅಲ್ಲಿಯೇ ಹುಟ್ಟಿದರೂ ಪೌರತ್ವ ಸಾಮಾನ್ಯವಾಗಿ ದೊರೆಯದು. ಆದರೆ ಒಂದು ಪ್ರಾಮಾಣಿಕತೆಯೂ ಅಲ್ಲಿದೆಯೆನ್ನಬೇಕು: ಹೋಗುವವನಿಗೆ ತಾನು ಮರಳುವವನೆಂದು ಮೊದಲ ದಿನವೇ ಗೊತ್ತಿರುತ್ತದೆ. ಐದು ವರ್ಷ ದುಡಿದು, ತಂಗಿಯ ಮದುವೆ ಮಾಡಿ, ಸಾಲ ತೀರಿಸಿ ಬರುವೆನೆಂದು ಹೋದವನನ್ನು ನಾನು ಹಗುರವಾಗಿ ಕಾಣಲಾರೆ. ಗಡುವಿಟ್ಟುಕೊಂಡು ಸಹಿಸುವುದಕ್ಕೂ ಗಡುವಿಲ್ಲದೆ ಸಹಿಸುವುದಕ್ಕೂ ಅಂತರವಿದೆ.

ಇಷ್ಟು ಆ ನಾಡುಗಳ ಮಾತಾಯಿತು. ನಮ್ಮ ಕಡೆಯ ತಕ್ಕಡಿಯನ್ನೂ ನೋಡಬೇಕಲ್ಲವೆ? ಪಶ್ಚಿಮ ಜರ್ಮನಿ 1961ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿತು. ‘ಅತಿಥಿ ಕಾರ್ಮಿಕರು’ ಎಂದು ಹೆಸರಿಟ್ಟಿತು. 1973ರಲ್ಲಿ ನೇಮಕ ನಿಲ್ಲಿಸಿದಾಗ ಅತಿಥಿಗಳು ಹೊರಟುಹೋದಾರೆಂದು ಅದು ಎಣಿಸಿತ್ತು. ಅನೇಕರು ಹೋಗಲಿಲ್ಲ; ಸಂಸಾರ ಕರೆಸಿಕೊಂಡರು, ಮಕ್ಕಳಾದವು. ಅಲ್ಲಿ ಹುಟ್ಟಿದ ವಿದೇಶೀಯರ ಮಕ್ಕಳಿಗೆ ಕೆಲವು ನಿಬಂಧನೆಗಳೊಡನೆ ಹುಟ್ಟಿನಿಂದಲೇ ಪೌರತ್ವ ದೊರೆತದ್ದು 2000ದಲ್ಲಿ. ಕೈಗಳು ಮಾತ್ರ ಸಾಕು, ಮನುಷ್ಯರು ಬೇಡ ಎಂಬ ಎಣಿಕೆಗೆ ಆ ದೇಶ ತೆತ್ತ ಬೆಲೆ ಅಲ್ಪವಲ್ಲ. 2024ರ ಕಾಯಿದೆಯಂತೆ ಐದು ವರ್ಷ ಸಕ್ರಮವಾಗಿ ವಾಸಿಸಿ, ಭಾಷೆ ಕಲಿತು, ಸ್ವಂತ ದುಡಿಮೆಯಿಂದ ಬದುಕುವವನು ಅಲ್ಲಿ ಪೌರತ್ವ ಕೇಳಬಹುದು.

ಆದರೆ ಇದೇ ತಪ್ಪನ್ನು ಹೋಗುವವನೂ ಮಾಡಬಲ್ಲ. ಸಂಬಳ ಬೇಕು, ಭಾಷೆ ಬೇಡ. ಆಸ್ಪತ್ರೆ ಬೇಕು, ನೆರೆಹೊರೆ ಬೇಡ ಎನ್ನುವವನು ಆ ನಾಡನ್ನು ಬರಿಯ ಕೈಯೆಂದೇ ಬಗೆದಂತಾಯಿತು. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡ ಕಲಿಯದವರ ಮೇಲೆ ನಾವು ಮುನಿಯುತ್ತೇವೆ. ಮ್ಯೂನಿಕ್‌ಗೆ ಹೋದ ನಮ್ಮ ಹುಡುಗ ಹತ್ತು ವರ್ಷವೂ ಇಂಗ್ಲಿಷಿನಲ್ಲಿಯೇ ದಿನ ಕಳೆದರೆ ಅದೇ ಮುನಿಸು ಅಲ್ಲಿಯವರಿಗೂ ಬಂದೀತೆಂಬುದು ನಮಗೆ ಹೊಳೆಯುವುದೇ ಇಲ್ಲ!

ಪ್ಲೇಟೋನ ‘ಕ್ರಿಟೊ’ ಸಂವಾದದಲ್ಲಿ ಸಾಕ್ರೆಟೀಸನು ಸೆರೆಮನೆಯಿಂದ ಓಡಿಹೋಗಲು ಒಪ್ಪದೆ ಹೇಳುವ ಕಾರಣ ಇಲ್ಲಿ ನೆನೆಯತಕ್ಕದ್ದು. ಇಷ್ಟವಿಲ್ಲದವನು ತನ್ನ ಸ್ವತ್ತಿನೊಡನೆ ಬೇರೆಡೆಗೆ ಹೋಗಲು ಅಥೆನ್ಸಿನ ಕಾನೂನು ಬಿಡುತ್ತಿತ್ತು. ಎಲ್ಲವನ್ನೂ ನೋಡಿಯೂ ಉಳಿದವನು ಆ ನಗರಕ್ಕೆ ಮಾತು ಕೊಟ್ಟಂತೆ. ಹುಟ್ಟಿದ ಊರಿನಲ್ಲಿಯೇ ಉಳಿದವರ ವಿಷಯದಲ್ಲಿ ಈ ವಾದ ತುಸು ಎಳೆದಂತೆ ತೋರುತ್ತದೆ. ಊರು ಬಿಡಲು ಎಲ್ಲರಿಗೂ ಶಕ್ತಿಯೆಲ್ಲಿ? ವಲಸಿಗನಿಗಾದರೆ ಇದು ಅಕ್ಷರಶಃ ಅನ್ವಯಿಸುತ್ತದೆ. ಹತ್ತು ನಾಡುಗಳನ್ನು ತೂಗಿ ಒಂದನ್ನು ಆರಿಸಿದವನು ಅವನು. ನಮ್ಮ ಸಂವಿಧಾನವಾಗಲಿ 1955ರ ಪೌರತ್ವ ಕಾಯಿದೆಯಾಗಲಿ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಒಸಿಐ ಕಾರ್ಡು ಬಂದು ಹೋಗಲು ಅನುಕೂಲ. ಅದರಿಂದ ಮತದ ಹಕ್ಕು ಬಾರದು. ಆದುದರಿಂದ ಅಲ್ಲಿ ಪ್ರಮಾಣವಚನ ಸ್ವೀಕರಿಸುವುದೆಂದರೆ ಇಲ್ಲಿಯದನ್ನು ಬಿಡುವುದೇ. ಆ ನಾಡಿನ ಯುದ್ಧಕ್ಕೆ, ಸಾಲಕ್ಕೆ, ಅದರ ಮೂಲನಿವಾಸಿಗಳಿಗೆ ಆದ ಅನ್ಯಾಯಕ್ಕೆ ಪಾಲುದಾರನಾಗಲು ಮನಸ್ಸು ಒಪ್ಪದಿದ್ದರೆ, ಅಲ್ಲಿಗೆ ಗಡುವಿಟ್ಟುಕೊಂಡು ಹೋಗಿ ಮರಳುವುದೇ ಮೇಲು.

ಉಳಿಯುವುದು ಋಣದ ಮಾತು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು, ಸರಕಾರಿ ಕಾಲೇಜಿನಲ್ಲಿ ಅಲ್ಪ ಶುಲ್ಕಕ್ಕೆ ವೈದ್ಯರಾದವರು ನಮ್ಮ ನಡುವೆ ಬಹಳ ಮಂದಿ. ಅವರು ಕಳುಹಿಸುವ ಹಣದಿಂದ ಇಂದು ಅನೇಕ ಮಕ್ಕಳ ಓದು ಸಾಗುತ್ತಿದೆ. ಆ ಋಣ ಹೀಗೆ ಕೈಯಿಂದ ಕೈಗೆ ತೀರುತ್ತಾ ಹೋಗುತ್ತದೆ. ಹಣದಿಂದ ತೀರದ್ದು ತಂದೆತಾಯಿಗಳದು. ಕೆನಡದಲ್ಲಿ ತಂದೆತಾಯಿಗಳನ್ನು ಖಾಯಮ್ಮಾಗಿ ಕರೆಸಿಕೊಳ್ಳುವ ಅವಕಾಶವನ್ನು ಇತ್ತೀಚಿನ ವರ್ಷಗಳಲ್ಲಿ ಚೀಟಿಯೆತ್ತಿ ಹಂಚಿದ್ದಾರೆ. ‘ಸೂಪರ್ ವೀಸಾ’ದಲ್ಲಿ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು, ವೈದ್ಯವಿಮೆ ಮಾಡಿಸಿರಬೇಕು. ಇದೆಲ್ಲವನ್ನೂ ಮಗ ವಿಚಾರಿಸಿಟ್ಟಿರುತ್ತಾನೆ. ಎಪ್ಪತ್ತು ದಾಟಿದ ತಾಯಿ ಹೊಲ, ಹಿತ್ತಲು, ಸೋಮವಾರದ ಗುಡಿ, ಕಟ್ಟೆಯ ಮೇಲಿನ ಮಾತು ಎಲ್ಲವನ್ನೂ ಬಿಟ್ಟು, ಆರು ತಿಂಗಳ ಹಿಮದಲ್ಲಿ ಕಿಟಕಿಯ ಬಳಿ ಕುಳಿತಿರಲು ಒಪ್ಪುವಳೆ ಎಂದು ಮಾತ್ರ ಅನೇಕ ಮನೆಗಳಲ್ಲಿ ಯಾರೂ ಕೇಳಿರುವುದಿಲ್ಲ. ಕೇಳಿದರೆ ಆಕೆ ‘ನೀ ಹೋಗಪ್ಪಾ, ನನ್ನ ಚಿಂತಿ ಮಾಡಬ್ಯಾಡ’ ಎನ್ನುವಳು. ಆ ಮಾತನ್ನು ಒಪ್ಪಿಗೆಯೆಂದು ತಿಳಿದು ಟಿಕೀಟು ಕೊಂಡವರು ಬಹಳ.