ಮರಳಿ ಬಂದ ದನಿ

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಅಲ್ಲಿಯ ನಾಟಕ ಕಂಪನಿಗಳ ಗದ್ದಲ ಗೊತ್ತು. ಎಳೆಯ ಹುಡುಗನೊಬ್ಬ ರಂಗದ ಮೇಲೆ ನಿಂತು ಏರುದನಿಯಲ್ಲಿ ಹಾಡಿದನೆಂದರೆ 'ಒನ್ಸ್‌ಮೋರ್' ಕೂಗಿಗೆ ಕೊನೆಯೇ ಇಲ್ಲ. ನಾವು ಮೆಚ್ಚುವುದು ಹಾಡನ್ನೋ, ಹಾಡಿದವನ ವಯಸ್ಸನ್ನೋ? ವಯಸ್ಸನ್ನೇ ಎಂದಾದರೆ, ಆ ಹುಡುಗ ದೊಡ್ಡವನಾಗುವುದೇ ನಮಗೆ ಬಗೆದ ದ್ರೋಹವಾಗಬೇಕು!

ಈ ಮಾತು ಬಂದಾಗ ಕುಮಾರ ಗಂಧರ್ವರ ನೆನಪಾಗದೆ ಇರದು. ಹುಟ್ಟಿದ್ದು 1924ರಲ್ಲಿ, ಸುಳೇಭಾವಿಯಲ್ಲಿ—ನಮ್ಮ ಹುನಗುಂದದ ಕಡೆಯ ಸೂಳೇಬಾವಿಯಲ್ಲ, ಬೆಳಗಾವಿಯ ಹತ್ತಿರದ್ದು. ಶಿವಪುತ್ರನೆಂಬ ಈ ಬಾಲಕ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಉಸ್ತಾದರ ಗಾಯನವನ್ನು ಕೊಂಕಿಲ್ಲದೆ ಹಾಡಿ ತೋರಿಸುತ್ತಿದ್ದ. ಮಠದ ಸ್ವಾಮಿಗಳೊಬ್ಬರು 'ಕುಮಾರ ಗಂಧರ್ವ'ನೆಂದು ಕರೆದರು, ಹೆಸರು ನಿಂತಿತು. ಆದರೆ ಬಾಲಕನ ಕಂಠದಲ್ಲಿ ಮೆರೆದ ಆ ಸಿರಿ ಯಾರದು? ಕಟುವಾಗಿ ಹೇಳುವುದಾದರೆ, ಬೇರೆಯವರದು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತ ಮೇಲೆಯೇ ಆತನಿಗೆ ತನ್ನದೆಂಬುದನ್ನು ಅರಸುವ ದಾರಿ ತೆರೆದದ್ದು.

ಅಷ್ಟರಲ್ಲಿ ಕ್ಷಯ ಹಿಡಿಯಿತು. 1948ರಲ್ಲಿ ಹವೆಗಾಗಿ ಮಧ್ಯಭಾರತದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಸಿಗೆ, ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಹಾಡುವುದನ್ನೇ ಬದುಕೆಂದು ನಂಬಿದವನ ಬಾಯಿ ಕಟ್ಟಿದರೆ ಉಳಿಯುವುದೇನು? ಕಿವಿ ಉಳಿಯಿತು. ಮಾಳವದ ಹೆಂಗಸರ ಹಾಡು, ಬೀದಿಯಲ್ಲಿ ಹಾಯುವ ಬೈರಾಗಿಗಳ ನಿರ್ಗುಣ ಭಜನೆ ಆ ಕಿವಿಗೆ ಬಿದ್ದವು. ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಜೀವ ಉಳಿಸಿತು. ಒಂದು ಪುಪ್ಪುಸ ಮಾತ್ರ ಕೆಟ್ಟೇ ಹೋಯಿತು. 1953ರ ಸುಮಾರಿಗೆ ಮತ್ತೆ ಬೈಠಕ್ಕಿಗೆ ಕುಳಿತರು.

ಕೇಳಬಂದವರಲ್ಲಿ ಹಲವರು ಹಳೆಯ ಬಾಲಕನನ್ನೇ ಹುಡುಕಿರಬೇಕು. ಸಿಕ್ಕಿದ್ದು ಬೇರೊಬ್ಬ: ಚಿಕ್ಕ ಚಿಕ್ಕ ತುಣುಕುಗಳ ಆಲಾಪ, ನಡುವೆ ಮೌನ, ಥಟ್ಟನೆ ಚಿಮ್ಮುವ ತಾರಸ್ವರ. ಘರಾಣೆಯ ಕಟ್ಟಿಗೆ ನಿಲ್ಲದ ಈ ಹಾಡಿಗೆ ಮುನಿದ ಪಂಡಿತರೂ ಇದ್ದರು. ಉಸಿರು ಸಾಲದ್ದಕ್ಕೆ ಹೀಗೆ ಎಂಬ ಆಡಿಕೆಯುಂಟು. ನನಗದು ಅರ್ಧಸತ್ಯವೆನಿಸುತ್ತದೆ. ಉಸಿರು ಸಾಲದವರೆಲ್ಲ ಹೀಗೆ ಹಾಡಿಯಾರೆ?

ಹಾಗಾದರೆ ಒಮ್ಮೆ ಚಪ್ಪಾಳೆ ಕೊಟ್ಟ ಶ್ರೋತೃಗಳಿಗೆ ಕಲಾವಿದ ಋಣಿಯಲ್ಲವೆ? ಋಣವೇನೋ ಉಂಟು. ಆದರೆ ಅದನ್ನು ಯಾವ ನಾಣ್ಯದಲ್ಲಿ ತೀರಿಸಬೇಕೆಂದು ಗೊತ್ತುಮಾಡುವ ಅಧಿಕಾರ ಸಾಲ ಕೊಟ್ಟವರಿಗಿಲ್ಲ. ಇಲಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೆ ಸೆರಗಿನ ರೇಶಿಮೆಯ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಬಣ್ಣ ಬೇರೆ, ನೂಲು ಬೇರೆ, ಸೀರೆ ಒಂದೇ. ಸೆರಗೂ ಒಡಲಿನಂತೆಯೇ ಇರಲೆಂದು ಕೊಳ್ಳುವವರು ಯಾರೂ ಹಟ ಹಿಡಿಯುವುದಿಲ್ಲ.

ಕುಮಾರರು ಹೊಸ ರಾಗಗಳನ್ನು ಕಟ್ಟಿದರು, ಚೀಜುಗಳನ್ನು ರಚಿಸಿದರು. 1965ರಲ್ಲಿ ಅವು 'ಅನೂಪರಾಗವಿಲಾಸ'ವೆಂಬ ಪುಸ್ತಕವಾಗಿ ಬಂದವು. 1992ರಲ್ಲಿ ತೀರಿಕೊಳ್ಳುವ ತನಕ ದೇವಾಸದಲ್ಲಿಯೇ ನೆಲೆಸಿದ್ದರು. ಅರವತ್ತು ದಾಟಿದ ಮೇಲೂ ಜನ ಅವರನ್ನು 'ಕುಮಾರ'ರೆಂದೇ ಕರೆಯುತ್ತಿದ್ದರು.